ಗ್ರೂವ್ ಮೆಟಲ್ ಆಲ್ಬಮ್ಮನ್ನು ತೂಗಿ ನೋಡುವ ಬಗೆ

ಗ್ರೂವ್ ಮೆಟಲ್ ಎಂದರೆ ಭಾರವಾದ, ತೂಗುವ ಲಯವನ್ನೇ ನೆಚ್ಚಿದ ಹೆವಿ ಮೆಟಲ್ ಸಂಗೀತದ ಒಂದು ಬಗೆ. ಇಂಥ ಆಲ್ಬಮ್ಮೊಂದರ ಗುಣದೋಷ ಹೇಳಲು ಹೊರಟವರಲ್ಲಿ ಬಹಳ ಮಂದಿ ವೇಗ, ಅಬ್ಬರ ಮತ್ತು ಗಾಯಕನ ಗಂಟಲು ಎಂಬ ಮೂರು ವಿಷಯಗಳಲ್ಲೇ ಮಾತು ಮುಗಿಸಿಬಿಡುತ್ತಾರೆ. ಈ ಮೂರೂ ತುಂಬಿ ತುಳುಕುವ ಆಲ್ಬಂ ಎರಡನೇ ಸಲ ಕೇಳುವಾಗಲೇ ಬೇಸರ ತರಿಸಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಈ ಪ್ರಕಾರದ ಜೀವ ಇರುವುದು ಗಿಟಾರಿನ ರಿಫ್ (ಮತ್ತೆ ಮತ್ತೆ ಮರಳುವ ಚಿಕ್ಕ ಸ್ವರಗುಚ್ಛ) ಮತ್ತು ಡ್ರಮ್ಮಿನ ಪೆಟ್ಟು ಒಂದನ್ನೊಂದು ಎಲ್ಲಿ ಹಿಡಿಯುತ್ತವೆ, ಎಲ್ಲಿ ಬಿಡುತ್ತವೆ ಎಂಬುದರಲ್ಲಿ. ಆದ್ದರಿಂದ ಪರೀಕ್ಷೆಯನ್ನೂ ಅಲ್ಲಿಂದಲೇ ಆರಂಭಿಸಬೇಕು.

ಇದು ನನಗೆ ಮನದಟ್ಟಾದದ್ದು ನಮ್ಮ ಬಾಗಲಕೋಟೆಯಲ್ಲೇ. ಇಲ್ಲಿ ಹೋಳಿ ಹುಣ್ಣಿಮೆಯೆಂದರೆ ಹಲವು ದಿನಗಳ ಹಬ್ಬ. ಬಣ್ಣದ ಬಂಡಿಗಳು ಹೊರಡುವುದಕ್ಕೆ ಎಷ್ಟೋ ದಿನ ಮೊದಲೇ ಓಣಿ ಓಣಿಗಳಲ್ಲಿ ಹಲಗಿಯ ಸದ್ದು ಏಳುತ್ತದೆ. ಒಂದು ವರ್ಷ ಹಬ್ಬದ ಹಿಂದಿನ ಸಂಜೆ ನಮ್ಮ ಓಣಿಯ ಹಿರಿಯ ಹಲಗಿ ವಾದಕರೊಬ್ಬರ ಮನೆಯ ಕಟ್ಟೆಯ ಮೇಲೆ ಕುಳಿತು ಅಮೆರಿಕದ ಪ್ಯಾಂಟೆರಾ ತಂಡದ ‘ವಾಕ್’ ಹಾಡನ್ನು ಫೋನಿನಲ್ಲಿ ಹಚ್ಚಿದೆ. ಅವರು ಹಾಡಿನ ಮಾತಿನ ಕಡೆಗಾಗಲಿ ಗಿಟಾರಿನ ಒರಟುತನದ ಕಡೆಗಾಗಲಿ ಗಮನ ಕೊಡದೆ, ಬೆರಳುಗಳಿಂದ ಕಟ್ಟೆಯ ಕಲ್ಲನ್ನು ತಟ್ಟುತ್ತ ಸ್ವಲ್ಪ ಹೊತ್ತು ಕೇಳಿ, ‘ತಮ್ಮಾ, ಇಲ್ಲೊಂದು ಪೆಟ್ಟು ನುಂಗ್ಯಾನ ನೋಡು’ ಎಂದರು. ಆ ಹಾಡು 12/8ರ ನಡೆಯಲ್ಲಿದೆ. ಒಂದೊಂದು ಪೆಟ್ಟಿನ ಅವಧಿಯೂ ಅಲ್ಲಿ ಮೂರು ಪಾಲಾಗುತ್ತದೆ ಮತ್ತು ನಡುವಿನ ಪಾಲು ಹೆಚ್ಚಾಗಿ ಖಾಲಿ ಉಳಿಯುತ್ತದೆ. ದಾದರಾ ತಾಳ ಕೇಳಿ ಬೆಳೆದ ನಮ್ಮ ಕಡೆಯ ಕಿವಿಗೆ ಮೂರರ ಈ ನಡೆ ಹೊಸದೇನಲ್ಲ. ಆ ಖಾಲಿ ಜಾಗದಿಂದಲೇ ಮುಂದಿನ ಪೆಟ್ಟಿಗೆ ತೂಕ ಬರುತ್ತದೆ. ಅಂದಿನಿಂದ ಯಾವುದೇ ಹೊಸ ಆಲ್ಬಂ ಬಂದರೂ ನಾನು ಮೊದಲು ಹುಡುಕುವುದು ಈ ನುಂಗಿದ ಪೆಟ್ಟುಗಳನ್ನೇ.

ಹೋಲಿಕೆಗೆ ಕೈಯಲ್ಲಿ ಕೆಲವು ಅಳತೆಗಲ್ಲುಗಳಿರಬೇಕು. ಥ್ರ್ಯಾಶ್ ಮೆಟಲ್ ಎಂಬ ಅತಿವೇಗದ ಪ್ರಕಾರದ ಓಟವನ್ನು ಭಾರವಾದ ನಡಿಗೆಗೆ ಇಳಿಸಿದ ಆಲ್ಬಮ್ಮುಗಳಲ್ಲಿ ಪ್ಯಾಂಟೆರಾದ ‘ಕೌಬಾಯ್ಸ್ ಫ್ರಮ್ ಹೆಲ್’ ಮತ್ತು ನ್ಯೂ ಆರ್ಲಿಯನ್ಸಿನ ಎಕ್ಸಾರ್ಡರ್ ತಂಡದ ಮೊದಲ ಆಲ್ಬಂ ಎರಡೂ 1990ರವು. ಅವುಗಳ ಹಿಂದೆಯೇ ಪ್ಯಾಂಟೆರಾದ ‘ವಲ್ಗರ್ ಡಿಸ್‌ಪ್ಲೇ ಆಫ್ ಪವರ್’ (1992), ಬ್ರೆಜಿಲಿನ ಸೆಪುಲ್ಟುರಾ ತಂಡದ ‘ಕೇಯಾಸ್ ಎ.ಡಿ.’ (1993), ಮಷೀನ್ ಹೆಡ್‌ನ ‘ಬರ್ನ್ ಮೈ ಐಸ್’ (1994) ಬಂದವು. ಮುಂದಿನ ತಲೆಮಾರಿನಲ್ಲಿ ಲ್ಯಾಂಬ್ ಆಫ್ ಗಾಡ್‌ನ ‘ಆಶಸ್ ಆಫ್ ದಿ ವೇಕ್’ (2004) ಬಂತು. ಇವುಗಳಲ್ಲಿ ಎರಡನ್ನಾದರೂ ಚೆನ್ನಾಗಿ ಕೇಳದೆ ಹೊಸ ಆಲ್ಬಮ್ಮಿನ ಬಗ್ಗೆ ತೀರ್ಪು ಕೊಡಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮೊದಲ ಸಲ ಆಲ್ಬಮ್ಮನ್ನು ಆರಂಭದಿಂದ ಕೊನೆಯವರೆಗೆ ಒಂದೇ ಕೂತಲ್ಲಿ ಕೇಳಿ, ಏನನ್ನೂ ಬರೆದುಕೊಳ್ಳಬೇಡಿ. ಮರುದಿನ ಬೆಳಿಗ್ಗೆ ಅದನ್ನು ಮತ್ತೆ ಹಚ್ಚುವ ಮೊದಲು ಯಾವ ರಿಫ್ ಬಾಯಲ್ಲಿ ತಾನಾಗಿ ಗುನುಗುತ್ತಿದೆ ಎಂಬುದನ್ನು ಗುರುತಿಸಿಕೊಳ್ಳಿ. ಹತ್ತು ಹಾಡುಗಳಲ್ಲಿ ಮೂರು ರಿಫ್‌ಗಳಾದರೂ ಹೀಗೆ ಉಳಿದಿದ್ದರೆ ಒಳ್ಳೆಯ ಲಕ್ಷಣ. ಎರಡನೇ ಸಲ ಕೇಳುವಾಗ ತೊಡೆಯ ಮೇಲೆ ಕೈಯಿಂದ ಸಮವಾದ ಪೆಟ್ಟು ಹಾಕುತ್ತ ಬಾಯಲ್ಲಿ ರಿಫ್ಫನ್ನು ಹೇಳಿಕೊಳ್ಳಿ. ಕೈಯೂ ಬಾಯಿಯೂ ಪ್ರತಿ ಪೆಟ್ಟಿನಲ್ಲಿ ಕೂಡಿಕೊಂಡೇ ನಡೆದರೆ ಅದು ಬರಿಯ ಕವಾಯತು; ಎಂದೂ ಕೂಡದಿದ್ದರೆ ತಂಡದವರು ಲೆಕ್ಕದ ಜಾಣತನವನ್ನಷ್ಟೇ ತೋರಿಸಿದ್ದಾರೆ. ಒಳ್ಳೆಯ ರಿಫ್ ಕೈಯನ್ನು ಬಿಟ್ಟು ಹೊರಗೆ ಜಾರಿ, ನಾಲ್ಕೋ ಎಂಟೋ ಸುತ್ತಿನ ಕೊನೆಗೆ ಸರಿಯಾದ ಜಾಗಕ್ಕೆ ಬಂದು ಬೀಳುತ್ತದೆ. ಸಂಗೀತ ಸಭೆಯಲ್ಲಿ ತಬಲಾದವರು ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಮುಟ್ಟಿದಾಗ ಕೇಳುಗರು ತಲೆದೂಗುವುದೂ ಮೆಟಲ್ ಕೇಳುಗರು ತಲೆ ಕೊಡವುವುದೂ ಇಂಥ ಕ್ಷಣದಲ್ಲೇ.

ಮೂರನೇ ಸಲ ಡ್ರಮ್ಮಿನ ಮೇಲಷ್ಟೇ ಕಿವಿ ಇಡಬೇಕು. ಎರಡು ಪಾದಗಳಿಂದ ಬಾರಿಸುವ ಡಬಲ್ ಕಿಕ್ಕಿನ ಪೆಟ್ಟುಗಳು ಗಿಟಾರಿನ ಮೊಟಕು ಪೆಟ್ಟುಗಳ ಜೊತೆಗೆ ಬೀಳುತ್ತಿವೆಯೇ, ಇಲ್ಲವೇ ಹೊಲಿಗೆ ಯಂತ್ರದಂತೆ ಎಲ್ಲದರ ಕೆಳಗೂ ಒಂದೇ ಸಮನೆ ಓಡುತ್ತಿವೆಯೇ ಎಂಬುದನ್ನು ನೋಡಿ. ಮೊದಲನೆಯದು ರಿಫ್ಫಿಗೆ ಹಲ್ಲು ಕೊಡುತ್ತದೆ, ಎರಡನೆಯದು ಅದನ್ನು ಮುಚ್ಚಿಬಿಡುತ್ತದೆ. ನಾಲ್ಕು ಮಾತ್ರೆಯ ಸುತ್ತಿನಲ್ಲಿ ಸ್ನೇರ್ ಎಂಬ ಚುರುಕು ಸದ್ದಿನ ಡ್ರಮ್ಮಿನ ಪೆಟ್ಟು ಎರಡು ಮತ್ತು ನಾಲ್ಕನೇ ಮಾತ್ರೆಗಳಿಂದ ಮೂರನೇ ಮಾತ್ರೆಯೊಂದಕ್ಕೇ ಸರಿದಾಗ ವೇಗ ಬದಲಾಗದೆಯೂ ಹಾಡು ಅರ್ಧಕ್ಕೆ ನಿಧಾನವಾದಂತೆ ತೋರಿ ಭಾರ ಇಮ್ಮಡಿಸುತ್ತದೆ. ಓಡುವ ಭಾಗವೊಂದರ ಬೆನ್ನಿಗೇ ಇದು ಬಂದರೆ ಬಹಳ ಪರಿಣಾಮಕಾರಿ. ಆದರೆ ಪ್ರತಿ ಹಾಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇದೇ ತಂತ್ರಕ್ಕೆ ಕೈಹಾಕಿದರೆ ಅದನ್ನು ಆಲ್ಬಮ್ಮಿನ ದೊಡ್ಡ ದೌರ್ಬಲ್ಯವೆಂದೇ ದಾಖಲಿಸಬೇಕು. ಬೇಸ್ ಗಿಟಾರ್ ಪ್ರತ್ಯೇಕವಾಗಿ ಕೇಳಿಸಲೇಬೇಕೆಂದಿಲ್ಲ. ಗಿಟಾರಿನ ಸೋಲೋ (ಒಂಟಿ ವಾದನ) ಬಂದು ಲಯದ ಗಿಟಾರ್ ಹಿಂದೆ ಸರಿದಾಗ ಕೆಳಗೆ ನೆಲ ಉಳಿದಿದೆಯೇ ಎಂಬುದೇ ಅದರ ಪರೀಕ್ಷೆ.

ಧ್ವನಿಮುದ್ರಣದ ವಿಚಾರದಲ್ಲಿ ನಾನು ಒಮ್ಮೆ ಎಡವಿದ್ದೇನೆ. ವಿಜಯಪುರದಿಂದ ಊರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಅಗ್ಗದ ಇಯರ್‌ಫೋನಿನಲ್ಲಿ ಒಂದು ಆಲ್ಬಂ ಕೇಳಿ, ಅದರಲ್ಲಿ ಕೆಳಸ್ವರಗಳೇ ಇಲ್ಲವೆಂದು ಆ ರಾತ್ರಿಯೇ ಬರೆದು ಗೆಳೆಯರಿಗೆ ಕಳಿಸಿದ್ದೆ. ವಾರದ ನಂತರ ನವನಗರದ ಗೆಳೆಯನ ಮನೆಯಲ್ಲಿ ಒಳ್ಳೆಯ ಸ್ಪೀಕರಿನಲ್ಲಿ ಅದೇ ಆಲ್ಬಂ ಕೇಳಿದಾಗ, ನಾನು ಇಲ್ಲವೆಂದು ಬರೆದಿದ್ದ ಬೇಸ್ ಕೋಣೆಯ ಕಿಟಕಿಯ ಗಾಜನ್ನು ನಡುಗಿಸುತ್ತಿತ್ತು. ಬಸ್ಸಿನ ಎಂಜಿನ್ನಿನ ಗುಡುಗು ಆ ಕೆಳಸ್ವರಗಳನ್ನೆಲ್ಲ ತಿಂದುಹಾಕಿತ್ತು. ಹಾಗಾಗಿ ಹೆಡ್‌ಫೋನು, ಸ್ಪೀಕರು ಎರಡರಲ್ಲೂ ಕೇಳಿದ ಮೇಲೆಯೇ ಸದ್ದಿನ ಬಗ್ಗೆ ಬರೆಯಿರಿ.

ಹಲಗಿಯವರು ಬಾರಿಸುವ ಮೊದಲು ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಸಡಿಲವಾದ ಚರ್ಮ ಡಬ್ ಡಬ್ ಎನ್ನುತ್ತದೆ; ಕಾದ ಚರ್ಮದ ಮೇಲೆ ಪೆಟ್ಟು ಚಟ್ಟನೆ ಹುಟ್ಟಿ ಚಟ್ಟನೆ ಸಾಯುತ್ತದೆ. ಗ್ರೂವ್ ಮೆಟಲ್‌ಗೆ ಬೇಕಾದದ್ದೂ ಇಂಥದೇ ಬಿಗಿ. ಪ್ಯಾಂಟೆರಾದ ವಿನ್ನಿ ಪಾಲ್ ಅವರ ಕಿಕ್ ಡ್ರಮ್ಮಿನಲ್ಲಿ ಕೇಳುವ ಟಕ್ಕೆನ್ನುವ ಸದ್ದು ಹಲವರಿಗೆ ಹಿಡಿಸದಿದ್ದರೂ, ದಪ್ಪ ಗಿಟಾರಿನ ನಡುವೆ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸುವುದು ಅದರಿಂದಲೇ. ಇದಕ್ಕೆ ವಿರುದ್ಧವಾಗಿ, ಗೋಳಗುಮ್ಮಟದೊಳಗೆ ಕೂಗಿದಂತೆ ಪ್ರತಿ ಪೆಟ್ಟಿಗೂ ಬಾಲ ಬೆಳೆದರೆ ಖಾಲಿ ಜಾಗ ತುಂಬಿಹೋಗಿ ರಿಫ್ಫಿನ ಹೊಡೆತ ಸಾಯುತ್ತದೆ. ಮುದ್ರಿಸಿದ ಸದ್ದನ್ನು ಕೊನೆಯದಾಗಿ ಹದಗೊಳಿಸುವ ಮಾಸ್ಟರಿಂಗ್‌ನಲ್ಲಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತುರುಕಿದಾಗಲೂ ನಷ್ಟ ಇದೇ. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಥ್ರ್ಯಾಶ್ ಆಲ್ಬಂ ಆದರೂ ಈ ದೋಷಕ್ಕೆ ಒಳ್ಳೆಯ ಉದಾಹರಣೆ. ಪರೀಕ್ಷೆ ಸುಲಭ: ವಾಲ್ಯೂಮನ್ನು ಮಾತಿನ ಮಟ್ಟಕ್ಕೆ ಇಳಿಸಿ ಕೇಳಿ. ಆಗಲೂ ಕಾಲು ತಾಳ ಹಾಕುತ್ತಿದ್ದರೆ ಭಾರ ಇರುವುದು ರಚನೆಯಲ್ಲಿ, ಬರಿಯ ಸದ್ದಿನಲ್ಲಲ್ಲ.

ಈ ಪ್ರಕಾರದ ಆಲ್ಬಮ್ಮುಗಳು ಹೆಚ್ಚಾಗಿ ಸೋಲುವುದು ಏಕತಾನತೆಯಿಂದ. ನಡುಮಟ್ಟದ ವೇಗ, ಕೆಳಶ್ರುತಿಯ ಗಿಟಾರ್, ಕೂಗಿ ಹಾಡುವ ಧ್ವನಿ ಇವೇ ಐವತ್ತು ನಿಮಿಷ ನಡೆದರೆ ಏಳನೇ ಹಾಡಿನ ಹೊತ್ತಿಗೆ ಕಿವಿ ಸೋತುಹೋಗುತ್ತದೆ. ಆದ್ದರಿಂದ ಹಾಡುಗಳ ಅನುಕ್ರಮವನ್ನು ಗಮನವಿಟ್ಟು ನೋಡಬೇಕು. ‘ವಲ್ಗರ್ ಡಿಸ್‌ಪ್ಲೇ’ಯಲ್ಲಿ ನಿಧಾನ ನಡೆಯ ‘ವಾಕ್’ ಮೂರನೆಯದು, ಅದರ ಬೆನ್ನಿಗೆ ಅತಿವೇಗದ ಹಾಡು, ಐದನೆಯದಾಗಿ ತಗ್ಗಿದ ದನಿಯಲ್ಲಿ ತೊಡಗುವ ‘ದಿಸ್ ಲವ್’. ‘ಕೇಯಾಸ್ ಎ.ಡಿ.’ ಆರಂಭವಾಗುವುದೇ ಗಾಯಕ ಮ್ಯಾಕ್ಸ್ ಕವಲೇರಾ ಅವರ ಮಗ ಇನ್ನೂ ತಾಯಿಯ ಗರ್ಭದಲ್ಲಿದ್ದಾಗ ಮುದ್ರಿಸಿಕೊಂಡ ಎದೆಬಡಿತದಿಂದ. ಅದರ ಐದನೆಯ ರಚನೆ ‘ಕೈಯೋವಾಸ್’ ವಿದ್ಯುತ್ ಗಿಟಾರಿಲ್ಲದೆ, ವೇಲ್ಸ್‌ನ ಚೆಪ್‌ಸ್ಟೋ ಕೋಟೆಯ ಪಾಳುಗೋಡೆಗಳ ನಡುವೆ ನುಡಿಸಿ ಮುದ್ರಿಸಿದ್ದು. ಅದನ್ನು ಕೇಳಿದ ಮೇಲೆ ಆರನೇ ಹಾಡಿನ ಮೊದಲ ರಿಫ್ ಎರಡು ಪಟ್ಟು ಗಡುಸಾಗಿ ಕೇಳಿಸುತ್ತದೆ. ಹೊಸ ಆಲ್ಬಮ್ಮಿನಲ್ಲಿ ಹೀಗೆ ಉಸಿರು ಬಿಡುವ ಜಾಗ ಎಲ್ಲಿದೆ, ಅದು ಮುಂದಿನ ಹಾಡಿಗೆ ದುಡಿಯುತ್ತಿದೆಯೇ ಅಥವಾ ಜಾಗ ತುಂಬಲು ಬಂದಿದೆಯೇ ಎಂದು ಕೇಳಿಕೊಳ್ಳಿ.

ಗಾಯನದಲ್ಲಿ ನೋಡಬೇಕಾದದ್ದು ಗಂಟಲಿನ ಬಲಕ್ಕಿಂತ ಮಾತು ಬೀಳುವ ಜಾಗ. ಪದಗಳು ರಿಫ್ಫಿನ ಬಿಡುವುಗಳಲ್ಲಿ ಬಿದ್ದರೆ ಗಾಯಕನೂ ಒಂದು ತಾಳವಾದ್ಯವಾಗುತ್ತಾನೆ. ಸಾಹಿತ್ಯವನ್ನು ಒಮ್ಮೆ ಓದಿ ನೋಡಿ. ಸಿಟ್ಟು ಯಾರ ಮೇಲೆ, ಯಾತಕ್ಕೆ ಎಂಬುದು ಸ್ಪಷ್ಟವಾಗದಿದ್ದರೆ ಅದನ್ನೂ ಹೇಳಿ. ಗಿಟಾರ್ ಸೋಲೋ ಹಾಡಿನ ಲಯದ ಮೇಲೆ ಸವಾರಿ ಮಾಡುತ್ತಿದ್ದರೆ ಸಾಕು.

ಬರೆಯಲು ಕೂತಾಗ ‘ರಿಫ್‌ಗಳು ಅದ್ಭುತವಾಗಿವೆ’ ಎಂದಷ್ಟೇ ಹೇಳಿ ಬಿಡಬೇಡಿ. ಎರಡನೇ ಹಾಡಿನ ಮೂರನೇ ನಿಮಿಷದಲ್ಲಿ ಡ್ರಮ್ ನಿಂತು ಗಿಟಾರ್ ಒಂದೇ ಉಳಿಯುತ್ತದೆ, ಮತ್ತೆ ಕೂಡುವಾಗ ಒಂದು ಪೆಟ್ಟು ತಡವಾಗಿ ಬರುತ್ತದೆ ಎಂದು ಜಾಗ ತೋರಿಸಿ ಬರೆದರೆ, ಓದುವವರು ಆ ಜಾಗಕ್ಕೆ ಹೋಗಿ ಕೇಳಿ, ನಿಮ್ಮ ಮಾತು ಸರಿಯೋ ತಪ್ಪೋ ಎಂದು ತಾವೇ ನೋಡಿಕೊಳ್ಳಬಹುದು.