ಪಶ್ಚಿಮದ ಕಿಟಕಿಯಲ್ಲಿ ಆರ್ಕಿಡ್: ನನ್ನ ಅನುಭವ

ಪಶ್ಚಿಮದ ಕಿಟಕಿಯಲ್ಲಿ ಫೆಲನಾಪ್ಸಿಸ್, ಅಂದರೆ ಚಿಟ್ಟೆಯಂಥ ಹೂ ಬಿಡುವ ಆರ್ಕಿಡ್, ಬದುಕಲ್ಲ ಅಂತ ಆರ್ಕಿಡ್ ಬೆಳೆಸುವ ಗೆಳೆಯರೆಲ್ಲ ಹೇಳಿದ್ದರು. ಪೂರ್ವದ ಕಿಟಕಿ ಇಲ್ಲದಿದ್ದರೆ ಆಸೆ ಬಿಟ್ಟುಬಿಡು ಅಂದವರೂ ಇದ್ದಾರೆ. ಈಗ ಅದೇ ಕಿಟಕಿಯಲ್ಲಿ ಏಳೆಂಟು ಹೂಕಡ್ಡಿ ನಿಂತಿವೆ. ಮೊದಲು ಅರಳಿದ ಹೂವಿಗೆ ಎರಡು ತಿಂಗಳ ಮೇಲಾಯಿತು, ಇನ್ನೂ ಉದುರಿಲ್ಲ. ಹಾಗೆ ಹೇಳಿದವರೇ ಈಗ ಮರಿಗಿಡ ಇದ್ದರೆ ಕೊಡು ಅನ್ನುತ್ತಿದ್ದಾರೆ.

ಬೆಳಕು ಜಾಸ್ತಿಯಾಗಿ ಗಿಡ ಸಾಯುತ್ತಿದೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ಸಾಯಿಸುತ್ತಿದ್ದದ್ದು ಬಿಸಿ. ಅದು ಗೊತ್ತಾಗುವ ಹೊತ್ತಿಗೆ ಸಾಕಷ್ಟು ದುಡ್ಡು ಕರಗಿತ್ತು. ಮೊದಲು ತಂದ ಗಿಡಗಳ ಎಲೆಯ ಮೇಲೆ ಬಿಳಿಚಿದ ಮಚ್ಚೆ ಬಂತು, ಆಮೇಲೆ ಅದೇ ಜಾಗ ಒಣಗಿ ಕಂದು ಕಾಗದದ ಹಾಗಾಯಿತು. ಕಿಟಕಿಯಿಂದ ದೂರ ಇಟ್ಟ ಗಿಡಗಳ ಎಲೆ ಕಡು ಹಸಿರಾಗಿ ಬೆಳೆಯಿತು, ಹೂ ಮಾತ್ರ ಸುಳಿಯಲಿಲ್ಲ. ಕಡು ಹಸಿರು ಅಂದರೆ ಬೆಳಕು ಸಾಲದು ಅಂತ ನಿಮಗೂ ಗೊತ್ತು ಅಲ್ವಾ? ಎಲ್‌ಇಡಿ ದೀಪ ಬಂತು, ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಬಂತು, ಡಬ್ಬಿ ಮೇಲೆ ಆರ್ಕಿಡ್ ಚಿತ್ರ ಇರುವ ದುಬಾರಿ ಗೊಬ್ಬರವೂ ಬಂತು. ದೀಪದಡಿ ಒಂದು ಗಿಡ ಹೂ ಬಿಟ್ಟಿತು, ಇಲ್ಲ ಅನ್ನುವುದಿಲ್ಲ. ಆದರೆ ಕಿಟಕಿ ತುಂಬ ಬಿಸಿಲು ಇಟ್ಟುಕೊಂಡು ಕರೆಂಟಿಗೆ ದುಡ್ಡು ಕಟ್ಟುವುದು ನನಗೆ ಒಗ್ಗಲಿಲ್ಲ.

ಈಗ ಇರುವುದು ತೆಳು ಬಿಳಿ ಪರದೆ ಮಾತ್ರ. ಮಧ್ಯಾಹ್ನ ಎರಡರಿಂದ ಸುಮಾರು ಐದರವರೆಗೆ ಎರಡು ಪದರ, ಬಿಸಿಲು ಇಳಿದ ಮೇಲೆ ಒಂದೇ ಪದರ. ಗಾಜಿಗೂ ಎಲೆಗೂ ನಡುವೆ ಒಂದು ಗೇಣು ಜಾಗ. ಎಲೆಗೆ ಕೈ ತಾಗಿಸಿ ನೋಡುತ್ತೇನೆ. ಬೆಚ್ಚಗೆ ಅನ್ನಿಸಿದರೆ ಗಿಡ ಇನ್ನಷ್ಟು ಹಿಂದಕ್ಕೆ.

ಯಾರೂ ಹೇಳದ ವಿಷಯ ಕುಂಡದ್ದು. ಬೇರು ಕಾಣಲಿ ಅಂತ ಪಾರದರ್ಶಕ ಕುಂಡ ಬಳಸುತ್ತೇವೆ. ಸಂಜೆ ಬಿಸಿಲಿನಲ್ಲಿ ಅದರೊಳಗೆ ಬೇರು ಬೇಯುತ್ತದೆ. ಮಣ್ಣಿನ ಬದಲು ಕುಂಡಕ್ಕೆ ತುಂಬಿದ ಮರದ ತೊಗಟೆಯೊಳಗೆ ಥರ್ಮಾಮೀಟರ್ ಚುಚ್ಚಿ ನೋಡಿದೆ. ಕೋಣೆಯಲ್ಲಿ 30 ಡಿಗ್ರಿ ಇದ್ದಾಗ ಬಿಸಿಲು ಬೀಳುವ ಬದಿಯಲ್ಲಿ 38 ದಾಟಿತ್ತು. ಅವತ್ತಿನಿಂದ ಪ್ರತಿ ಕುಂಡವೂ ಒಂದು ಬಿಳಿ ಪಿಂಗಾಣಿ ಕುಂಡದೊಳಗೆ ಕೂತಿದೆ, ಸುತ್ತ ಒಂದು ಬೆರಳಿನಷ್ಟು ಗಾಳಿ. ನೀರು ಹಾಕುವ ಮೊದಲು ಒಳಗಿನದನ್ನು ಎತ್ತಿ ನೋಡುತ್ತೇನೆ. ಪ್ಲಾಸ್ಟಿಕ್ಕಿಗೆ ಅಂಟಿದ ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದ್ದರೆ ನೀರು, ಹಸಿರಿದ್ದರೆ ಇಲ್ಲ. ನೀರು ಬಿದ್ದ ಕೂಡಲೇ ಆ ಬೂದು ಬೇರು ಕಣ್ಣೆದುರೇ ಹಸಿರಾಗುವುದನ್ನು ಈಗಲೂ ನಿಂತು ನೋಡುತ್ತೇನೆ. ಸುಳಿಯಲ್ಲಿ ನೀರು ನಿಂತರೆ ಹತ್ತಿ ಒತ್ತಿ ತೆಗೆಯಲೇಬೇಕು, ಇಲ್ಲದಿದ್ದರೆ ಸುಳಿ ಕೊಳೆತು ಗಿಡವೇ ಹೋಗುತ್ತದೆ.

ಕುಂಡಕ್ಕೆ ತೊಗಟೆ, ಸ್ವಲ್ಪ ಇದ್ದಿಲು, ಜೊತೆಗೆ ಇನ್ನೊಂದು ವಸ್ತು. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗೊಬ್ಬರ ಮಾಮೂಲಿ 20-20-20 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪ್ರಮಾಣ), ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗ. ಮೂರು ಸಲ ಗೊಬ್ಬರದ ನೀರು, ನಾಲ್ಕನೆಯ ಸಲ ಬರೀ ನೀರು ಸುರಿದು ಗೊಬ್ಬರದಿಂದ ಉಳಿದ ಉಪ್ಪು ತೊಳೆಯುತ್ತೇನೆ. ಎರಡು ವರ್ಷಕ್ಕೊಮ್ಮೆ ಹೊಸ ತೊಗಟೆ. ಈಗ ಖರ್ಚು ಅಂದರೆ ಅದೊಂದೇ.

ಹೂ ಬರಿಸಿದ್ದು ರಾತ್ರಿಯ ತಂಪು. ಮೂರ್ನಾಲ್ಕು ವಾರ ರಾತ್ರಿ ಕಿಟಕಿ ತೆರೆದಿಟ್ಟೆ, 17-18 ಡಿಗ್ರಿವರೆಗೆ ಇಳಿಯುತ್ತಿತ್ತು. ಹಗಲು 25 ದಾಟದ ಹಾಗೆ ನೋಡಿಕೊಂಡೆ. ಆಮೇಲೆ ಎಲೆಯ ಬುಡದಲ್ಲಿ ಒಂದು ಹಸಿರು ಮೂತಿ ಇಣುಕಿತು. ತುದಿ ದುಂಡಗೆ ನುಣುಪಾಗಿದ್ದರೆ ಬೇರು. ಇದರ ತುದಿ ಚಪ್ಪಟೆ, ಒಂದು ಪಕ್ಕದಲ್ಲಿ ಸಣ್ಣ ಸೀಳು. ಹೂಕಡ್ಡಿಯೇ! ಅದು ಬಂದ ಮೇಲೆ ಕುಂಡ ತಿರುಗಿಸಬೇಡಿ, ಹೂಗಳು ಒಂದೊಂದು ದಿಕ್ಕಿಗೆ ಮುಖ ಮಾಡುತ್ತವೆ. ಬಾಳೆಹಣ್ಣಿನ ಬುಟ್ಟಿಯನ್ನೂ ದೂರ ಇಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಹಳದಿಯಾಗಿ ಉದುರುತ್ತದೆ.

ಸುಮ್ನೆ ಕುತೂಹಲಕ್ಕೆ ಒಂದು ಹಳೆಯ ಹೂಕಡ್ಡಿಯ ಗೆಣ್ಣಿಗೆ ಸೈಟೋಕೈನಿನ್ (ಚಿಗುರೊಡೆಸುವ ಸಸ್ಯ ಹಾರ್ಮೋನ್) ಪೇಸ್ಟ್ ಹಚ್ಚಿದೆ. ಮರಿ ಬರಲಿ ಅಂತ ಹಚ್ಚಿದರೆ ಕವಲು ಒಡೆದು ಹೂ ಬಂತು. ನನ್ನ ಹತ್ತಿರ ಇರುವ ಇನ್ನೊಂದು ಆರ್ಕಿಡ್, ನೊಬೈಲ್ ಜಾತಿಯ ಡೆಂಡ್ರೋಬಿಯಂ, ಇದಕ್ಕೆ ತದ್ವಿರುದ್ಧ. ಚಳಿಗಾಲದಲ್ಲೂ ನೀರು, ಗೊಬ್ಬರ ಸಿಕ್ಕಿದ್ದಕ್ಕೆ ಹೂವಿನ ಬದಲು ಬರೀ ಮರಿಗಳನ್ನು ಹಾಕಿತು. ಈ ಸಲ ತಂಪಿನ ತಿಂಗಳುಗಳಲ್ಲಿ ಗೊಬ್ಬರ ಪೂರ್ತಿ ಬಂದ್, ನೀರು ನಾಮಕಾವಸ್ತೆ.

ಹೊಸದಾಗಿ ಕೊಳ್ಳುವವರು ಹೂ ಉದುರಿದ ಗಿಡ ಕೇಳಿ. ಹೂ ಇರುವ ಒಂದರ ದುಡ್ಡಿಗೆ ಅಂಥವು ಎರಡು ಮೂರು ಬಂದಾವು. ಕುಂಡ ಎತ್ತಿ ಬೇರು ಗಟ್ಟಿಯಿದೆಯೇ ನೋಡಿ. ಎಲೆಯ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಮಾತ್ರ, ಎಷ್ಟೇ ಅಗ್ಗವಿದ್ದರೂ, ಅಲ್ಲೇ ಬಿಟ್ಟು ಬನ್ನಿ.