ಎಲೆಗೆ ಅಡ್ಡ ಹಿಡಿದ ಕೈ

ಮದುವೆ ಊಟದಲ್ಲಿ ಪಾಯಸ ಎರಡನೇ ಸಲ ಬಂದಾಗ ನಾವೆಲ್ಲ ಮಾಡುವುದು ಒಂದೇ. ಮುಂದಕ್ಕೆ ಬಾಗಿ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. "ಸಾಕು, ಸಾಕು." ಬಡಿಸುವವರು ಕೇಳುವುದಿಲ್ಲ. ಬೆರಳ ಸಂದಿಯಲ್ಲೇ ಒಂದು ಸೌಟು ಬೀಳುತ್ತದೆ, ನಾವು ಅದನ್ನೂ ಉಣ್ಣುತ್ತೇವೆ. ಊಟದ ಬಗ್ಗೆ ಒಂದು ನೃತ್ಯನಾಟಕ ಮಾಡಬೇಕು ಅನಿಸಿದಾಗ ನನಗೆ ಮೊದಲು ಕಂಡದ್ದು ಈ ಕೈ.

ನಾನು ಕುಂಬಳೆಯ ಹತ್ತಿರ ಭರತನಾಟ್ಯ ಕಲಿಸುತ್ತೇನೆ. ಅಂಗವೈಕಲ್ಯ ಇರುವವರು, ಇಲ್ಲದವರು ಒಟ್ಟಿಗೆ ಕುಣಿಯುವ ಗುಂಪು ಕಟ್ಟುವುದು ನನ್ನ ಬಹಳ ದಿನದ ಆಸೆ. ಲಂಡನ್ನಿನ ಕ್ಯಾಂಡೊಕೊ ತಂಡ 1991ರಿಂದ ಇದನ್ನೇ ಮಾಡುತ್ತಾ ಬಂದಿದೆ. ಅವರ ವಿಡಿಯೊ ನೋಡಿದ ಮೇಲೆ ಧೈರ್ಯ ಬಂತು. ನಮ್ಮ ಕಾಸರಗೋಡಿನಲ್ಲಂತೂ ಇಂಥದ್ದು ಬೇಕೇ ಬೇಕು. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ, ಮಂಚದಿಂದ ಇಳಿಯಲಾಗದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರನ್ನು ಫೋಟೊದಲ್ಲಿ ನೋಡಿದವರು ಜಾಸ್ತಿ, ರಂಗದ ಮೇಲೆ ನೋಡಿದವರು ತುಂಬಾ ಕಡಿಮೆ.

11 ಜನ ಸೇರಿದರು. ಭಾನುವಾರ ಬೆಳಗ್ಗೆ ಅಭ್ಯಾಸ, ಆಮೇಲೆ ಎಲ್ಲರೂ ಕೂತು ಗಂಜಿ ಊಟ.

ಶುರುವಿನಲ್ಲೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಲ್ಲಿ ಬೆಳೆದವಳು, ಅತಿಯಾಗಿ ತಿನ್ನುವುದು ಅಂದ ಕೂಡಲೇ ಬಕಾಸುರ ನೆನಪಾದ. ಗುಂಪಿನಲ್ಲಿ ದಪ್ಪಗಿದ್ದ ಹುಡುಗನಿಗೇ ಆ ಪಾತ್ರ ಕೊಟ್ಟೆ. ಎಲ್ಲರೂ ನಕ್ಕರು, ಅವನೂ ನಕ್ಕ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮನೆಗೆ ಹೋದೆ. ತಲೆ ಬಗ್ಗಿಸಿಕೊಂಡೇ ಹೇಳಿದ: "ಬಂಡಿ ಅನ್ನ ತಿಂದದ್ದು ಭೀಮ ಅಲ್ವಾ ಟೀಚರೇ? ಅವನನ್ನು ನೋಡಿ ಯಾರೂ ನಗುದಿಲ್ಲ." ನಿಜ. ಬಕ ಹಿಂದಿನಿಂದ ಬೆನ್ನಿಗೆ ಗುದ್ದುತ್ತಿದ್ದರೂ ಭೀಮ ಏಳದೆ ಉಣ್ಣುತ್ತಾನೆ, ನಾವು ಅದನ್ನು ಶೌರ್ಯ ಎನ್ನುತ್ತೇವೆ. ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಬಕನನ್ನು ನಾಟಕದಿಂದಲೇ ತೆಗೆದೆ.

ಆಮೇಲೆ ಕಥೆ ಹುಡುಕುವುದನ್ನು ಬಿಟ್ಟೆವು. ಪ್ರತಿಯೊಬ್ಬರೂ ತಾವು ತಿನ್ನುವ ರೀತಿಯನ್ನೇ ತಂದರು. ನನ್ನ ಒಬ್ಬಳು ವಿದ್ಯಾರ್ಥಿನಿ, ರಾತ್ರಿ ಮನೆಯವರು ಮಲಗಿದ ಮೇಲೆ ಲೈಟು ಹಾಕದೆ ಚಕ್ಕುಲಿ ಡಬ್ಬಿ ತೆಗೆಯುವುದನ್ನು ಮಾಡಿ ತೋರಿಸಿದಳು. ಎಡಗೈ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದಿದೆ. ಬಲಗೈ ಮುಚ್ಚಳವನ್ನು ಕೂದಲೆಳೆಯಷ್ಟು ಎತ್ತುತ್ತದೆ, ನಿಲ್ಲುತ್ತದೆ. ಕಿವಿ ಮಲಗುವ ಕೋಣೆಯ ಕಡೆ. ಮತ್ತೆ ಕೂದಲೆಳೆಯಷ್ಟು. ಸ್ಟೀಲು ಟಕ್ ಎಂದಾಗ ಇಡೀ ಮೈ ಕಲ್ಲಾಗುತ್ತದೆ. ಕಣ್ಣು ಕಾಣದ ಅಕ್ಕ ಒಬ್ಬರಿದ್ದಾರೆ ನಮ್ಮಲ್ಲಿ. ಅವರು ಮೂಲೆಯಿಂದ ಮೆಲ್ಲಗೆ, "ಈ ಸದ್ದು ನನಗೆ ಗೊತ್ತುಂಟು" ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೀಗೆ ತಡೆಯಲಾಗದೆ, ಗುಟ್ಟಾಗಿ, ನಾಚಿಕೊಂಡು ಮತ್ತೆ ಮತ್ತೆ ತಿನ್ನುವುದನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರತ್ಯೇಕ ಕಾಯಿಲೆ ಎಂದು ತನ್ನ ಕೈಪಿಡಿಗೆ ಸೇರಿಸಿತು. ಇದನ್ನು ಆ ಹುಡುಗಿಗೆ ಹೇಳಿದೆ. ನೀನು ಆಸೆಬುರುಕಿ ಅಲ್ಲ, ಡಾಕ್ಟರ ಹತ್ತಿರ ಮಾತಾಡಬಹುದು ಅಂದೆ.

ನಾಟ್ಯದಲ್ಲಿ ಊಟಕ್ಕೆ ಮುಕುಳ ಹಸ್ತ. ಐದೂ ಬೆರಳ ತುದಿ ಸೇರಿಸಿದರೆ ತುತ್ತಿನ ಆಕಾರ ಬರುತ್ತದೆ. ಬೇಡ ಅನ್ನಲಿಕ್ಕೆ ಪತಾಕ, ಬೆರಳು ನೆಟ್ಟಗೆ ಮಾಡಿದ ಅಂಗೈ. ಹಳೆಯ ನಾಟ್ಯಗ್ರಂಥ ಅಭಿನಯ ದರ್ಪಣದಲ್ಲಿ ಪತಾಕದ ಬಳಕೆಗಳ ನಡುವೆ 'ವಸ್ತುನಿಷೇಧನ', ಅಂದರೆ ವಸ್ತುವನ್ನು ಬೇಡ ಅನ್ನುವುದು, ಇದೆ. ಎಲೆಗೆ ಅಡ್ಡ ಹಿಡಿಯುವ ಕೈ ಅದೇ ಅಲ್ವಾ? ಮುಕುಳದಿಂದ ಪತಾಕಕ್ಕೆ ಹೋಗುವುದೇ ನಾಟಕದ ದಾರಿ ಎಂದು ಖುಷಿಪಟ್ಟೆ.

ಆದರೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗದ ಸ್ಥಿತಿ, ಇರುವ ನಮ್ಮ ಹುಡುಗಿಯ ಬೆರಳು ಬಿಡಿಸಿಕೊಳ್ಳುವುದಿಲ್ಲ. ಮಾತೂ ಇಲ್ಲ. ವಯಸ್ಸು 26, ಊಟ ಮಾಡಿಸುವುದು ಅಮ್ಮ. "ಅವಳಿಗೆ ಸಾಕು ಹೇಳ್ಲಿಕ್ಕೆ ಬರುದಿಲ್ಲ ಟೀಚರೇ, ನಾನೇ ಅಂದಾಜು ಮಾಡಿ ಕೊಡುದು." ಬಟ್ಟಲು ಖಾಲಿಯಾದರೆ ಊಟ ಮುಗಿಯಿತು, ಅಷ್ಟೇ.

ಅವತ್ತು ಗಂಜಿ ಹೊತ್ತಿಗೆ ಪಕ್ಕದಲ್ಲಿ ಕೂತು ನೋಡಿದೆ. ಏಳೆಂಟು ಚಮಚ ಆದ ಮೇಲೆ ಅವಳು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದಳು. ಚಮಚ ತುಟಿಗೆ ತಾಗಿತು, ಬಾಯಿ ತೆರೆಯಿತು, ನುಂಗಿದಳು. ಮತ್ತೆ ಕಣ್ಣು ಮುಚ್ಚಿದಳು. ಅಮ್ಮ ಅದನ್ನು ನಿದ್ದೆ ಅಂದುಕೊಂಡಿದ್ದರಂತೆ. "ಸಾಕಾ?" ಅಂತ ಕೇಳಿದೆ. ಕಣ್ಣು ತೆರೆದು ನನ್ನನ್ನು ನೋಡಿ, ಮತ್ತೆ ಬಿಗಿಯಾಗಿ ಮುಚ್ಚಿದಳು. ಈ ಸಲ ನಗುತ್ತಾ.

ಪತಾಕ ಬಿಟ್ಟೆವು. ನಮ್ಮ ನಾಟಕದಲ್ಲಿ 11 ಜನರೂ 'ಸಾಕು' ಅನ್ನುವುದು ಕಣ್ಣು ಮುಚ್ಚಿ. ಕಣ್ಣು ಕಾಣದ ಅಕ್ಕನಿಗೆ ಗೊತ್ತಾಗಲಿ ಎಂದು ಪಕ್ಕದವರು ಅವರ ಮಣಿಕಟ್ಟು ಒತ್ತುತ್ತಾರೆ. ಕಿವಿ ಕೇಳದ ಹುಡುಗನಿಗೆ ಚೆಂಡೆಯ ಪೆಟ್ಟು ನೆಲದಿಂದ ಸಿಗಬಹುದು ಅಂದುಕೊಂಡಿದ್ದೆ, ಟೈಲ್ಸ್ ನೆಲದಲ್ಲಿ ಏನೂ ಸಿಗಲಿಲ್ಲ. ಮರದ ಹಲಗೆ ಹಾಸಿ, ಚೆಂಡೆಯನ್ನು ಅದಕ್ಕೇ ತಾಗಿಸಿ ಇಟ್ಟ ಮೇಲೆ ಅವನ ಅಂಗಾಲಿಗೆ ಸಿಕ್ಕಿತು.

ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲಿಕ್ಕೆ ಸುಮಾರು 20 ನಿಮಿಷ ಬೇಕು ಎನ್ನುತ್ತಾರೆ. ಕೊನೆಯ ಪಂಕ್ತಿ ಊಟದ ದೃಶ್ಯವನ್ನು ಅಷ್ಟೇ ಉದ್ದ ಇಟ್ಟೆ. ಜಾಸ್ತಿ ಆಯ್ತು, ಜನ ಎದ್ದು ಹೋಗ್ತಾರೆ ಅಂದರು. ನಾನು ಒಂದು ನಿಮಿಷವನ್ನೂ ಕಡಿಮೆ ಮಾಡಲಿಲ್ಲ.

ಪ್ರದರ್ಶನದ ದಿನ ಆ ದೃಶ್ಯದಲ್ಲಿ ಅಮ್ಮ ಮಗಳಿಗೆ ನಿಜವಾದ ಗಂಜಿಯನ್ನೇ ಉಣಿಸುತ್ತಿದ್ದರು. ಮಗಳು ಕಣ್ಣು ಮುಚ್ಚಿದಳು. ಚಮಚ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಚಮಚವನ್ನು ಬಟ್ಟಲಿಗೆ ಇಡಬೇಕು, ಅಭ್ಯಾಸದಲ್ಲಿ ಮಾಡಿದ್ದು ಹಾಗೆ. ಅವರು ಇಡಲಿಲ್ಲ. ಆ ಗಂಜಿಯನ್ನು ತಾವೇ ಉಂಡರು. ಇನ್ನೊಂದು ಚಮಚ ತೆಗೆದು ಅದನ್ನೂ ಉಂಡರು, ನಿಧಾನವಾಗಿ, ಜನರ ಎದುರಿಗೆ.

ಪರದೆ ಬಿದ್ದ ಮೇಲೆ ಕೇಳಿದೆ.

"ಬೆಳಗ್ಗಿಂದ ನಾನು ಏನೂ ತಿಂದಿರ್ಲಿಲ್ಲ ಟೀಚರೇ" ಅಂದರು.