ಮೊನೊಸೈಟ್‌ ಒಳಗಿನ ಡೆಂಗಿ: ನುಂಗಿದ್ದೋ, ಸೋಂಕಿದ್ದೋ?

ಮೊನೊಸೈಟ್‌ (ಒಂದು ಬಗೆಯ ಬಿಳಿ ರಕ್ತಕಣ) ಒಳಗೆ ಡೆಂಗಿ ವೈರಸ್ ಕಂಡಿತು ಎಂದಮಾತ್ರಕ್ಕೆ ಆ ಕೋಶಕ್ಕೆ ಸೋಂಕು ತಗುಲಿದೆ ಎನ್ನಲಾಗದು. ಸಿಕ್ಕಿದ್ದನ್ನು ನುಂಗಿ ಅರಗಿಸುವುದೇ ಮೊನೊಸೈಟ್‌ನ ಕೆಲಸ. ನುಂಗಿಸಿಕೊಂಡು ಸತ್ತ ವೈರಸ್ ಬೇರೆ, ಒಳಗೆ ಕೂತು ತನ್ನ ಆರ್‌ಎನ್‌ಎ ನಕಲು ಮಾಡಿಕೊಳ್ಳುತ್ತಿರುವ ವೈರಸ್ ಬೇರೆ. ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಗೆ ಸಂಶೋಧನೆಗೆಂದು ಬರುವವರಿಗೆ ಈ ಎರಡನ್ನು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ನಮ್ಮ ಲ್ಯಾಬ್‌ನಲ್ಲಿ ಇದನ್ನು ಮಾಡುವ ಕ್ರಮ ಹೀಗಿದೆ.

ಮೊದಲು ರಕ್ತ. ನೈತಿಕ ಸಮಿತಿಯ ಅನುಮತಿ, ದಾನಿಯ ಲಿಖಿತ ಒಪ್ಪಿಗೆ ಇಲ್ಲದೆ ಸೂಜಿ ಮುಟ್ಟುವಂತಿಲ್ಲ. ದಾನಿಗೆ ಹಿಂದೆ ಡೆಂಗಿ ಬಂದಿತ್ತೇ ಎಂದು ಕೇಳಿದರೆ ಸಾಲದು, ಎಷ್ಟೋ ಜನರಿಗೆ ಬಂದುಹೋದದ್ದೇ ತಿಳಿದಿರುವುದಿಲ್ಲ. 2017–18ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 48.7 ಮಂದಿಯ ರಕ್ತದಲ್ಲಿ ಡೆಂಗಿ ಪ್ರತಿಕಾಯ ಸಿಕ್ಕಿತ್ತು. ಹಾಗಾಗಿ ಪ್ರತಿ ದಾನಿಯ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗ) ಡೆಂಗಿಯ ಐಜಿಜಿ (ಹಳೆಯ ಸೋಂಕಿನ ಗುರುತಾಗಿ ಉಳಿಯುವ ಪ್ರತಿಕಾಯ) ಪರೀಕ್ಷೆ ಮಾಡಿಯೇ ಮುಂದುವರಿಯುತ್ತೇವೆ. ಜಪಾನಿ ಮೆದುಳುಜ್ವರದ ಲಸಿಕೆ ಆಗಿದೆಯೇ ಎಂದೂ ಕೇಳುತ್ತೇವೆ. ಮಲೆನಾಡಿನವರಾದರೆ ಮಂಗನ ಕಾಯಿಲೆಯ ಲಸಿಕೆಯ ಬಗ್ಗೆಯೂ ವಿಚಾರಿಸಬೇಕು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡು ಪುಣೆಯ ಅಂದಿನ ವೈರಸ್ ಸಂಶೋಧನಾ ಕೇಂದ್ರದಲ್ಲಿ ಗುರುತಿಸಲ್ಪಟ್ಟ ಆ ವೈರಸ್ ರಕ್ತ ಹೀರುವ ಉಣ್ಣೆಯಿಂದ ಹರಡುವುದಾದರೂ ಡೆಂಗಿಯ ಫ್ಲಾವಿವೈರಸ್ (ಈಗಿನ ಹೆಸರು ಆರ್ಥೋಫ್ಲಾವಿವೈರಸ್) ಕುಲಕ್ಕೇ ಸೇರಿದ್ದು. ಈ ಕುಲದ ಪ್ರತಿಕಾಯಗಳು ಒಂದಕ್ಕೆ ಹುಟ್ಟಿ ಇನ್ನೊಂದಕ್ಕೂ ಅಂಟಿಕೊಳ್ಳುವುದುಂಟು.

ರಕ್ತವನ್ನು ಪಿಬಿಎಸ್ ಎಂಬ ಲವಣದ್ರಾವಣದಲ್ಲಿ ಅರ್ಧಕ್ಕರ್ಧ ತೆಳುಮಾಡಿ, 1.077 ಸಾಂದ್ರತೆಯ ಫೈಕಾಲ್ (ಕೋಶಗಳನ್ನು ಸಾಂದ್ರತೆಯಿಂದ ಬೇರ್ಪಡಿಸುವ ದ್ರವ) ಮೇಲೆ ಮೆಲ್ಲಗೆ ಹರಿಬಿಟ್ಟು, 400 ಜಿ (ಗುರುತ್ವದ 400 ಪಟ್ಟು) ವೇಗದಲ್ಲಿ 30 ನಿಮಿಷ ತಿರುಗಿಸುತ್ತೇವೆ. ಸೆಂಟ್ರಿಫ್ಯೂಜ್‌ನ ಬ್ರೇಕ್ ಕಡ್ಡಾಯವಾಗಿ ಆಫ್ ಇರಬೇಕು, ಇಲ್ಲವಾದರೆ ಪದರಗಳು ಕಲಸಿಹೋಗುತ್ತವೆ. ಉಷ್ಣತೆ 18–20 ಡಿಗ್ರಿ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಎಸಿ ಕೈಕೊಟ್ಟರೆ ಫೈಕಾಲ್ ತೆಳುವಾಗಿ, ಬೇಕಾದ ಕೋಶಗಳೇ ಕೆಳಗಿಳಿದುಬಿಡುತ್ತವೆ. ಫ್ರಿಜ್‌ನಿಂದ ತೆಗೆದು ಹಾಗೇ ಬಳಸಿದರೆ ಗ್ರಾನ್ಯುಲೊಸೈಟ್‌ಗಳು (ಇಲ್ಲಿ ಬೇಡವಾದ ಇನ್ನೊಂದು ಬಗೆಯ ಬಿಳಿ ರಕ್ತಕಣ) ಮೇಲೆಯೇ ಉಳಿಯುತ್ತವೆ. ಮಧ್ಯದ ಬಿಳಿ ಪದರವನ್ನು ತೆಗೆದು ತೊಳೆಯುವಾಗ ಕೊನೆಯ ಎರಡು ಸುತ್ತು 200 ಜಿಯಲ್ಲಿ 10 ನಿಮಿಷದಂತೆ ಇರಲಿ. ಪ್ಲೇಟ್‌ಲೆಟ್ ಹೋಗುವುದು ಈ ನಿಧಾನ ವೇಗದಲ್ಲೇ. ಅವು ಮೊನೊಸೈಟ್‌ಗೆ ಅಂಟಿ ಉಳಿದರೆ ವೈರಸ್ಸನ್ನೂ ಹಿಡಿದಿಟ್ಟುಕೊಂಡು ಲೆಕ್ಕ ಕೆಡಿಸುತ್ತವೆ. ಆಮೇಲೆ ಮೊನೊಸೈಟ್ ಮೇಲ್ಮೈಯ ಸಿಡಿ14 ಪ್ರೊಟೀನ್ ಹಿಡಿಯುವ ಕಾಂತೀಯ ಮಣಿಗಳಿಂದ ಮೊನೊಸೈಟ್‌ಗಳನ್ನು ಬೇರ್ಪಡಿಸುತ್ತೇವೆ. ಮುಂದೆ ಬೆಳೆಸಲು ಬಳಸುವುದು ಶೇ. 10 ಕರುವಿನ ಸೀರಂ ಇರುವ ಆರ್‌ಪಿಎಂಐ ಎಂಬ ಪೋಷಕ ದ್ರವ. ದಾನಿಯ ಸೀರಂ ಹಾಕಿದರೆ ಅದರೊಳಗಿನ ಪ್ರತಿಕಾಯವೂ ಪ್ರಯೋಗದೊಳಗೆ ಬಂದಂತೆ.

ವೈರಸ್ ಬೆಳೆಸುವುದು ಸೊಳ್ಳೆಯ ಸಿ6/36 ಕೋಶಗಳಲ್ಲಿ, 28 ಡಿಗ್ರಿಯಲ್ಲಿ. ಇದು ಬರಿಯ ಅನುಕೂಲದ ಮಾತಲ್ಲ. ಸೊಳ್ಳೆ ಕೋಶದಿಂದ ಹೊರಬಂದ ವೈರಸ್ಸಿನ ಹೊರಪೊರೆಯ ಇ ಪ್ರೊಟೀನ್ ಮೇಲೆ ಮ್ಯಾನೋಸ್ ಸಕ್ಕರೆ ಹೇರಳ. ಚರ್ಮದ ಡೆಂಡ್ರಿಟಿಕ್ ಎಂಬ ರಕ್ಷಣಾ ಕೋಶದ ಡಿಸಿ-ಸೈನ್ ಗ್ರಾಹಕ ಹಿಡಿಯುವುದು ಅದನ್ನೇ. ಸೊಳ್ಳೆ ಕಚ್ಚಿದಾಗ ಚರ್ಮಕ್ಕೆ ಇಳಿಯುವ ವೈರಸ್ಸಿಗೆ ಹತ್ತಿರವಾದದ್ದು ಬೇಕೆಂದರೆ ಸಿ6/36 ಸರಿ. ಮನುಷ್ಯನ ದೇಹದೊಳಗಿನ ಎರಡನೇ ಸುತ್ತಿನ ಸೋಂಕನ್ನು ಅರಿಯಬೇಕೆಂದರೆ ಮನುಷ್ಯ ಕೋಶದಲ್ಲೇ ಬೆಳೆಸಿದ ವೈರಸ್ ಬೇಕು, ಏಕೆಂದರೆ ಅದರ ಸಕ್ಕರೆಗಳ ಸ್ವರೂಪವೇ ಬೇರೆ. ಸ್ಟಾಕನ್ನು ಶೇ. 20 ಸೀರಂ ಸೇರಿಸಿ ಸಣ್ಣ ಸಣ್ಣ ಟ್ಯೂಬ್‌ಗಳಲ್ಲಿ ಮೈನಸ್ 80ರಲ್ಲಿ ಇಡುತ್ತೇವೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ. ಹೋಲಿಕೆಯ ಕೋಶಗಳಿಗೆ ಬರಿ ಮೀಡಿಯಂ ಹಾಕದೆ, ಸೋಂಕಿಲ್ಲದ ಸಿ6/36ರ ಅದೇ ದಿನದ ದ್ರವವನ್ನೇ ಹಾಕುತ್ತೇವೆ.

ಎರಡು ಲಕ್ಷ ಮೊನೊಸೈಟ್‌ಗಳಿಗೆ 200 ಮೈಕ್ರೊಲೀಟರ್ ದ್ರವ, ಎಂಒಐ (ಕೋಶವೊಂದಕ್ಕೆ ಬೀಳುವ ಸೋಂಕುಕಾರಕ ವೈರಸ್ ಪ್ರಮಾಣ) 1ರಿಂದ 5ರೊಳಗೆ, 37 ಡಿಗ್ರಿಯಲ್ಲಿ ಎರಡು ಗಂಟೆ, ಕಾಲು ಗಂಟೆಗೊಮ್ಮೆ ಮೆಲ್ಲಗೆ ಅಲುಗಾಟ. ಆಮೇಲೆ ಮೂರು ಬಾರಿ ತೊಳೆತ. ಪ್ರತಿಕಾಯವಿಲ್ಲದೆ ಸೋಂಕು ಕೆಲವೇ ಕೋಶಗಳಿಗೆ ತಗುಲುತ್ತದೆ. ನಿರಾಶರಾಗಿ ವೈರಸ್ ಸುರಿಯುವುದು ಬೇಡ.

ಪ್ರತಿಕಾಯ ಸೇರಿದಾಗಲೇ ಚಿತ್ರ ಬದಲಾಗುವುದು. ಹಿಂದಿನ ಸೋಂಕಿನ ಪ್ರತಿಕಾಯ ಈಗಿನ ವೈರಸ್ಸಿಗೆ ಅಂಟಿಕೊಂಡು, ಅದನ್ನು ಸಾಯಿಸಲಾರದೆ, ಮೊನೊಸೈಟ್‌ನ ಎಫ್‌ಸಿ ಗ್ರಾಹಕದ (ಪ್ರತಿಕಾಯದ ಬಾಲ ಹಿಡಿಯುವ ಪ್ರೊಟೀನ್) ಮೂಲಕ ಒಳಗೆ ದಾಟಿಸುತ್ತದೆ. ಅಮೆರಿಕದ ವೈದ್ಯವಿಜ್ಞಾನಿ ಸ್ಕಾಟ್ ಹಾಲ್ಸ್ಟೆಡ್ 1970ರ ದಶಕದಲ್ಲಿ ತೋರಿಸಿಕೊಟ್ಟ ವಿಷಯವಿದು. ಇದನ್ನು ನೋಡಲು ಸೀರಂ ಅನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೊಟೀನ್‌ಗಳನ್ನು ನಿಷ್ಕ್ರಿಯಗೊಳಿಸುತ್ತೇವೆ. 1:10ರಿಂದ 1:1,00,000ದವರೆಗೆ ಹತ್ತರಷ್ಟು ತೆಳುಮಾಡುತ್ತ ಹೋಗಿ, ಪ್ರತಿಯೊಂದನ್ನೂ ವೈರಸ್ ಜೊತೆ ಒಂದು ಗಂಟೆ 37 ಡಿಗ್ರಿಯಲ್ಲಿಟ್ಟು ಕೋಶಗಳಿಗೆ ಹಾಕುತ್ತೇವೆ. ಗಾಢ ಸೀರಂ ವೈರಸ್ಸನ್ನು ತಡೆಯುತ್ತದೆ, ತೀರಾ ತೆಳುವಾದದ್ದು ಏನೂ ಮಾಡದು, ನಡುವೆ ಎಲ್ಲೋ ಸೋಂಕು ಶಿಖರ ಮುಟ್ಟುತ್ತದೆ. ಒಂದೇ ಪ್ರಮಾಣ ನೋಡಿ ‘ಈ ಸೀರಂ ರಕ್ಷಿಸುತ್ತದೆ’ ಎಂದು ಬರೆದ ವರದಿಯನ್ನು ನಾನು ಒಪ್ಪುವುದಿಲ್ಲ. ಕೈ ಕುದುರುವವರೆಗೆ ಮನುಷ್ಯನ ರಕ್ತಕ್ಯಾನ್ಸರಿನಿಂದ ಬಂದ ಕೆ562 ಕೋಶ ಸಾಕು. ಅದರಲ್ಲಿ ಎಫ್‌ಸಿ ಬಗೆಯ ಸಿಡಿ32 ಗ್ರಾಹಕವಿದ್ದು, ಪ್ರತಿಕಾಯವಿಲ್ಲದೆ ಡೆಂಗಿ ತಗುಲುವುದು ತೀರಾ ಕಡಿಮೆ. ಹೀಗಾಗಿ ವ್ಯತ್ಯಾಸ ನಿಚ್ಚಳವಾಗಿ ಕಾಣುತ್ತದೆ.

24 ಗಂಟೆಗೆ ಕೋಶ ತೆಗೆದು, ಮೊದಲು ಸತ್ತ ಕೋಶ ಗುರುತಿಸುವ ಬಣ್ಣ ಹಾಕಿ, ಶೇ. 4 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 20 ನಿಮಿಷ ಸ್ಥಿರಗೊಳಿಸುತ್ತೇವೆ. ಸತ್ತ ಕೋಶಕ್ಕೆ ಯಾವ ಪ್ರತಿಕಾಯವಾದರೂ ಅಂಟುತ್ತದೆ. ಬಣ್ಣದ ಪ್ರತಿಕಾಯ ಒಳಹೋಗುವಂತೆ ಪೊರೆಗೆ ರಂಧ್ರ ಮಾಡಲು ಶೇ. 0.1 ಸಪೋನಿನ್. ತೊಳೆದರೆ ರಂಧ್ರ ಮತ್ತೆ ಮುಚ್ಚುವುದರಿಂದ, ಒಳಗಿನ ಬಣ್ಣ ಮುಗಿಯುವವರೆಗೂ ಪ್ರತಿ ಬಫರ್‌ನಲ್ಲಿ ಅದಿರಬೇಕು. ವೈರಸ್ ಗುರುತಿಸಲು ಎಲ್ಲರೂ ಬಳಸುವ 4ಜಿ2 ಪ್ರತಿಕಾಯ ಇಲಿಯ ಐಜಿಜಿ2ಎ ಬಗೆಯದು. ಮೊನೊಸೈಟ್‌ನ ಎಫ್‌ಸಿ ಗ್ರಾಹಕ ಸಿಡಿ64 ಅದನ್ನು ವೈರಸ್ ಇಲ್ಲದೆಯೂ ಬಿಗಿಯಾಗಿ ಹಿಡಿಯುತ್ತದೆ. ಮೊದಲು ಮನುಷ್ಯನ ಐಜಿಜಿಯಿಂದ ಎಫ್‌ಸಿ ಗ್ರಾಹಕ ಮುಚ್ಚದೆ, ಐಜಿಜಿ2ಎ ಐಸೊಟೈಪ್ (ಅದೇ ಬಗೆಯ, ಆದರೆ ವೈರಸ್ಸಿಗೆ ಅಂಟದ ಪ್ರತಿಕಾಯ) ಹೋಲಿಕೆ ಇಡದೆ ಬಂದ ಸೋಂಕಿತ ಕೋಶಗಳ ಶೇಕಡಾವಾರನ್ನು ನಂಬಬೇಡಿ.

ಇನ್ನು ನುಂಗಿದ್ದೋ ಸೋಂಕಿದ್ದೋ ಎಂಬ ಪ್ರಶ್ನೆ. 4ಜಿ2 ಹಿಡಿಯುವ ಇ ಪ್ರೊಟೀನ್ ಹೊರಗಿನಿಂದ ಬಂದ ವೈರಸ್ಸಿನಲ್ಲೂ ಇರುತ್ತದೆ. ಎನ್‌ಎಸ್3 ಪ್ರೊಟೀನ್ ವೈರಸ್ ಕಣದಲ್ಲಿರುವುದಿಲ್ಲ, ಕೋಶದೊಳಗೆ ಆರ್‌ಎನ್‌ಎ ಓದಿದ ಮೇಲೆಯೇ ತಯಾರಾಗುತ್ತದೆ. ಆದ್ದರಿಂದ ಎರಡಕ್ಕೂ ಬಣ್ಣ ಹಾಕುತ್ತೇವೆ. ಜೊತೆಗೆ ಹೋಲಿಕೆಗೆ, ಯುವಿ (ಅತಿನೇರಳೆ) ಬೆಳಕಿನಿಂದ ಸಾಯಿಸಿದ ಅದೇ ಸ್ಟಾಕ್, ಅದೇ ಪ್ರಮಾಣದಲ್ಲಿ. ಇನ್ನೊಂದು ಸಾಲಿಗೆ ಮೊದಲೇ 20 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್: ಎಂಡೋಸೋಮ್ (ನುಂಗಿದ್ದನ್ನು ಹೊತ್ತ, ಕೋಶದೊಳಗಿನ ಚೀಲ) ಆಮ್ಲೀಯವಾಗದಿದ್ದರೆ ವೈರಸ್ ಪೊರೆಗೆ ಬೆಸೆದುಕೊಳ್ಳಲಾರದು, ನುಂಗಿದ ಕಣ ಅಲ್ಲೇ ಉಳಿಯುತ್ತದೆ, ಎನ್‌ಎಸ್3 ಮೂಡುವುದಿಲ್ಲ.

ಕೊನೆಗೆ, ಮೊನೊಸೈಟ್‌ಗಳ ಮೇಲಿನ ದ್ರವವನ್ನು ಹ್ಯಾಮ್ಸ್ಟರ್ ಮೂತ್ರಪಿಂಡದ ಬಿಎಚ್‌ಕೆ-21 ಕೋಶಗಳ ಮೇಲೆ ಪ್ಲಾಕ್ (ವೈರಸ್ ಕೋಶ ಸಾಯಿಸಿದಲ್ಲಿ ಬೀಳುವ ಖಾಲಿ ಚುಕ್ಕೆ) ಪರೀಕ್ಷೆಗೆ ಹಾಕುತ್ತೇವೆ. ತೊಳೆದ ತಕ್ಷಣ ತೆಗೆದಿಟ್ಟ ದ್ರವಕ್ಕಿಂತ 24 ಮತ್ತು 48 ಗಂಟೆಯದರಲ್ಲಿ ಪ್ಲಾಕ್ ಹೆಚ್ಚಿದ್ದರೆ ಮಾತ್ರ ಕೋಶ ಹೊಸ ವೈರಸ್ ಹೊರಹಾಕಿದೆ. ದಾನಿಯಿಂದ ದಾನಿಗೆ ಈ ಸಂಖ್ಯೆ ವಿಪರೀತ ಬದಲಾಗುತ್ತದೆ. ಸರಾಸರಿಯಲ್ಲಿ ಅದನ್ನು ಮುಚ್ಚಿಡದೆ ಪ್ರತಿ ದಾನಿಯ ಬಿಂದುವನ್ನೂ, ಐಜಿಜಿ ಫಲಿತಾಂಶದ ಸಮೇತ, ನಕ್ಷೆಯಲ್ಲಿ ಬೇರೆಯಾಗಿಯೇ ತೋರಿಸುತ್ತೇವೆ.